ದಾರಿನಿದ್ದೆಗೆ ಕೈ ಎತ್ತಬೇಡಿ

ಗದಗ
ಅಧಿಕ ಕಾರ್ತಿಕ, ಮೂವತ್ತೆರಡನೆಯ ತಾರೀಖು, ಸರಕುಶಕೆ ೧೪೧

ಸರಕಿನ ವಿಮಾನ ಹಾರಿಸುವ ಹಿರಿಯರೇ, ಅವರ ದಾರಿ ಕಾಯುವ ಮನೆಮಂದಿಯೇ,

ತಿಂಗಳಿಗೆ ಮೂವತ್ತೆರಡು ದಿನ ಎಲ್ಲಿಂದ ಬಂದವು ಎಂದು ನೀವು ನಗುತ್ತೀರಿ. ನಗಿ. ಪೈಲಟರ ಪಾಳಿಯನ್ನು ತಿಂಗಳಿಗೆ ಹೊಂದಿಸುವ ಬದಲು ತಿಂಗಳನ್ನೇ ಪಾಳಿಗೆ ಹೊಂದಿಸಿಕೊಂಡ ಕಾಲ ನಮ್ಮದು. ಮಾತುಗಳು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಹೋಗುತ್ತ ಹೋಗುತ್ತ ಬಿಡಿಸಿ ಹೇಳುತ್ತೇನೆ. ನಾನು ದ್ಯಾಮಣ್ಣ ಹೊಂಬಳ. ನಾಟಕ ಕಂಪನಿಯ ಡೇರೆಯಲ್ಲಿ ಹುಟ್ಟಿ, ಪರದೆಯ ಮರೆಯಲ್ಲಿ ಬೆಳೆದು, ಈಗ ಯಮನ ಪಾರ್ಟು ಮಾಡುವವನು. ಧ್ವನಿ ಕೊಂಚ ದೊಡ್ಡದು. ಈ ಕಾಗದ ಹಿಂದಿನ ಕಾಲಕ್ಕೆ ಹೇಗೆ ಬಂತು ಎಂದು ಮಾತ್ರ ಕೇಳಬೇಡಿ. ನಾರದ ಮೂರು ಲೋಕಕ್ಕೂ ಯಾವ ದಾರಿ ಹಿಡಿದು ಹೋಗುತ್ತಾನೆ ಎಂದು ಯಾವ ಪ್ರೇಕ್ಷಕ ಎದ್ದು ನಿಂತು ಕೇಳಿದ್ದಾನೆ?

ನನ್ನ ತಂಗಿ ಕಸ್ತೂರಿ ಈ ಹೊತ್ತು ಆಕಾಶದಲ್ಲಿದ್ದಾಳೆ. ಅವಳ ವಿಮಾನ ಇಳಿಯಬೇಕಾದ ನೆಲೆಯನ್ನು ದಾಟಿ, ನೇರವಾಗಿ ಸಮುದ್ರದ ಮೇಲೆ ಹೋಗುತ್ತಿದೆ. ಕರೆದರೆ ಅವಳೂ ಓಗೊಡುತ್ತಿಲ್ಲ, ಜೊತೆಯ ಪೈಲಟೂ ಓಗೊಡುತ್ತಿಲ್ಲ. ಕರೆಯಬೇಕಾದವರು ಕರೆಯುತ್ತಿದ್ದಾರೆ. ನಾನು ಕರೆಯಲು ಉಳಿದವರು ನೀವು ಮಾತ್ರ.

ನೆಲೆ ಎಂದರೆ ನೀವು ಬೇಸ್ ಎನ್ನುತ್ತೀರಲ್ಲ, ಅದೇ. ನಿಮ್ಮ ಕಾಲದಲ್ಲಿ ಅದು ಒಂದು ಊರಿನಲ್ಲಿ ಗಟ್ಟಿಯಾಗಿ ನಿಂತಿರುತ್ತಿತ್ತಂತೆ. ಪೈಲಟನ ಮನೆ ಒಂದೂರಿನಲ್ಲಿ, ನೆಲೆ ಇನ್ನೊಂದೂರಿನಲ್ಲಿ. ಅವನು ಪಾಳಿಯ ಹಿಂದಿನ ದಿನವೇ ಹೊರಟು, ಯಾರದೋ ವಿಮಾನದ ಕಾಕ್‌ಪಿಟ್ಟಿನ ಮಡಚುವ ಸೀಟಿನಲ್ಲಿ ಮುದುಡಿ ಕೂತು ಅಲ್ಲಿಗೆ ಮುಟ್ಟಿ, ನಾಲ್ಕಾರು ಪೈಲಟರು ಸೇರಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಮೈಚಾಚಿ ಮಲಗಿ, ಎದ್ದು, ಕೆಲಸಕ್ಕೆ ಹೋಗುತ್ತಿದ್ದನಂತೆ. ಅದನ್ನು ಓದುವಾಗ ನನಗೆ ಇಂದ್ರಲೋಕದ ಸೀನು ನೋಡಿದಂತಾಗುತ್ತದೆ. ಮೈಚಾಚಿ ಮಲಗುವುದು! ನಮ್ಮ ನೆಲೆಗಳು ಸಮುದ್ರದ ಮೇಲೆ ತೇಲುತ್ತವೆ. ಸರಕು ಎಲ್ಲಿ ಹೆಚ್ಚೋ ಅಲ್ಲಿಗೆ ಜರುಗುತ್ತವೆ. ಈ ವಾರ ಮಂಗಳೂರಿನಾಚೆ, ಮುಂದಿನ ವಾರ ಆಫ್ರಿಕದ ದಂಡೆ. ಅಲೆಯ ಮೇಲೆ ಹೊಯ್ದಾಡುವ ನೆಲದಲ್ಲಿ ವಿಮಾನ ಇಳಿಸುವುದು ಯಂತ್ರಕ್ಕೆ ಇವತ್ತಿಗೂ ಒಗ್ಗಿಲ್ಲ. ಹಾರಿಸುವುದು ಯಂತ್ರ, ಇಳಿಸುವುದು ಮನುಷ್ಯ.

ಅಲ್ಲಿಗೆ ಮುಟ್ಟುವುದೇ ಒಂದು ವನವಾಸ. ಬಸ್ಸು, ರೈಲು, ಸಣ್ಣ ವಿಮಾನ, ದೋಣಿ. ಎಲ್ಲದರಲ್ಲೂ ಪೈಲಟರಿಗೆಂದು ಪಟ್ಟಿ ಬಿಗಿಯುವ ಒಂದು ಬೂದು ಸೀಟಿರುತ್ತದೆ. ಆ ಸೀಟು ಕಣ್ಣುರೆಪ್ಪೆಯನ್ನು ನೋಡುತ್ತಿರುತ್ತದೆ. ರೆಪ್ಪೆ ಮುಚ್ಚಿದ್ದಷ್ಟು ಹೊತ್ತು ವಿಶ್ರಾಂತಿ ಎಂದು ಜಮೆ. ಇದಕ್ಕೇ ದಾರಿನಿದ್ದೆ ಎಂದು ಹೆಸರು. ಕಾಯ್ದೆಯ ಪ್ರಕಾರ ನನ್ನ ತಂಗಿ ತುಂಬಾ ನಿದ್ದೆ ಮಾಡುವ ಹೆಣ್ಣುಮಗಳು. ಪೈಲಟರ ಮನೆಗಳಲ್ಲಿ ಮಂಚವಿಲ್ಲ. ಮಲಗಿದರೆ ಅವರಿಗೆ ಉಸಿರು ಕಟ್ಟುತ್ತದೆ. ಪಡಸಾಲೆಯಲ್ಲಿ ಪಟ್ಟಿಯಿರುವ ಒಂದು ಸೀಟು ಹಾಕಿಸಿರುತ್ತಾರೆ, ಅದರಲ್ಲಿ ಕೂತು ಗೋಡೆ ನೋಡುತ್ತಾರೆ. ಲಗ್ನಪತ್ರಿಕೆಯಲ್ಲಿ ಮುಹೂರ್ತದ ಕೆಳಗೆ "ಪಾಳಿ ಒಪ್ಪಿದರೆ" ಎಂದು ಅಚ್ಚು ಹಾಕಿಸುತ್ತೇವೆ. ಅತ್ತೆಮನೆಗೆ ಕಸ್ತೂರಿ ಬಂದಿಳಿದಾಗ ಎದುರುಮನೆಯ ಗುರುಬಸವ್ವ ಕಟ್ಟೆಯ ಮೇಲೆ ಕೂತೇ, "ಏನಬೇ, ಸೊಸಿ ಬಂದಾಳೋ, ಸರಕು ಬಂದೈತೋ?" ಎಂದು ಕೇಳುತ್ತಾಳೆ. ಮೊದಮೊದಲು ಕಸ್ತೂರಿ, "ಸರಕ ಆದ್ರ ಸಹಿ ಮಾಡಿ ಇಳಿಸ್ಕೊತಿದ್ರಬೇ" ಎಂದು ನಗುತ್ತಿದ್ದಳು. ಈಚೆಗೆ ಕೇಳಿಸಿಕೊಳ್ಳುವುದೇ ಇಲ್ಲ.

ಇದನ್ನೆಲ್ಲ ಯಾವ ರಾಕ್ಷಸ ಮಾಡಿದ? ನಾಟಕದವನಿಗೆ ಖಳನಾಯಕ ಬೇಕೇ ಬೇಕು. ನಾನು ಬಹಳ ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದು ನಿಮ್ಮ ಕಾಲದ ಒಂದು ಸಭೆ. ದೂರದ ಊರುಗಳಿಂದ ನೆಲೆಗೆ ಬಂದುಹೋಗಿ ಸಣ್ಣಗಾದ ಪೈಲಟರು, ಮಕ್ಕಳ ಮುಖ ನೋಡಲು ಹಂಬಲಿಸಿದವರು, ತಾವೇ ಎದ್ದು ಕೇಳಿದರು: ಹಿಂದಿನ ದಿನ ಹೋಗಿ ಮಲಗುವುದೇಕೆ? ದಾರಿಯಲ್ಲಿ ಸೀಟಿನಲ್ಲಿ ಕೂತು ಬಂದದ್ದನ್ನೇ ವಿಶ್ರಾಂತಿ ಎಂದು ಹಿಡಿಯಿರಿ. ನಮಗೆ ಮನೆಯಲ್ಲಿ ಒಂದು ದಿನ ಹೆಚ್ಚು ಸಿಗಲಿ. ಎಂಥ ಮುದ್ದಾದ ಬೇಡಿಕೆ! ವಿಮಾನದ ಕಂಪನಿ ಬೇಡವೆನ್ನಲಿಲ್ಲ. ಏಕೆ ಅಂದೀತು? ಒಪ್ಪುವವರು ಕೈ ಎತ್ತಿ ಎಂದಾಗ ಸಭೆಯ ತುಂಬ ಕೈಗಳು. ಚಪ್ಪಾಳೆಯೂ ಬಿತ್ತಂತೆ. ದಾರಿಯೇ ವಿಶ್ರಾಂತಿ ಆದ ಮೇಲೆ, ದಾರಿ ಉದ್ದವಾದಷ್ಟೂ ವಿಶ್ರಾಂತಿ ಹೆಚ್ಚು ತಾನೆ? ಆಗ ನೆಲೆಗಳಿಗೆ ಕಾಲು ಬಂತು. ಅವು ದೂರ ನಡೆದವು. ನೀವು ಗಳಿಸಿದ ಆ ಒಂದು ದಿನ ನಿಮ್ಮ ಮಕ್ಕಳ ಕಾಲಕ್ಕೆ ಅರ್ಧವಾಯಿತು, ಮೊಮ್ಮಕ್ಕಳ ಕಾಲಕ್ಕೆ ಕರಗಿತು.

ಇನ್ನೊಂದು ಗುಟ್ಟು ಕೇಳಿ. ಸೀಟಿನಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಆದರೆ ಕಣ್ಣು ತೆರೆದಿದ್ದರೆ ವಿಶ್ರಾಂತಿ ಕಡಿಮೆ ಬಿತ್ತೆಂದು ಮನೆಯ ರಜೆಯಲ್ಲಿ ಮುರಿದುಕೊಳ್ಳುತ್ತಾರೆ. ಹೀಗಾಗಿ ಹಳಬರು ಹೊಸಬರಿಗೆ ಮೊದಲು ಕಲಿಸುವ ವಿದ್ಯೆಯೇ ಇದು: ಗಾಡಿ ಹತ್ತು, ಪಟ್ಟಿ ಬಿಗಿ, ಕಣ್ಣು ಮುಚ್ಚಿ ಎಚ್ಚರವಾಗಿ ಕೂಡು. ಕಸ್ತೂರಿ ಇದರಲ್ಲಿ ಪಳಗಿದವಳು. ರಂಗದ ಮೇಲೆ ಹೆಣವಾಗಿ ಬೀಳುವ ನಮ್ಮ ನಟರೂ ಅವಳಷ್ಟು ಚೆನ್ನಾಗಿ ರೆಪ್ಪೆ ಮುಚ್ಚಲಾರರು.

ಮೊನ್ನೆ ಮಗಳ ಕಿವಿ ಚುಚ್ಚಿಸಲೆಂದು ಅವಳು ತವರಿಗೆ ಬಂದಳು. ಸೋದರಮಾವ ನಾನು, ಶಾಸ್ತ್ರದಂತೆ ಮಗು ನನ್ನ ತೊಡೆಯ ಮೇಲಿರಬೇಕು. ಕಸ್ತೂರಿ ಕೊಡಲಿಲ್ಲ, ಇವತ್ತೊಂದಿನ ನಾನೇ ಹಿಡಿದುಕೊಳ್ಳುತ್ತೇನೆ ಎಂದಳು. ಅಕ್ಕಸಾಲಿಗ, ನಮ್ಮ ಪತ್ತಾರ ಮಾನಪ್ಪ, ಮಗುವಿನ ಬಾಯಿಗೆ ಬೆಲ್ಲವಿಟ್ಟು ಒಂದು ಕಿವಿ ಚುಚ್ಚಿದ. ಮಗು ಮನೆ ಹಾರಿಹೋಗುವಂತೆ ಚೀರಿತು. ತಾಯಿ ಮಿಸುಕಲಿಲ್ಲ. ಕಣ್ಣು ತೆರೆದೇ ಇದ್ದವು. ಮಾನಪ್ಪ ಗಾಬರಿಯಾಗಿ ತಂತಿ ಕೆಳಗಿಟ್ಟ. ಆಗ ಕಸ್ತೂರಿಯ ಬಲಗೈ ಮಗುವನ್ನು ಬಿಟ್ಟು, ಗಾಳಿಯಲ್ಲಿ ಏನನ್ನೋ ಹಿಡಿದು ಮೆಲ್ಲನೆ ಹಿಂದಕ್ಕೆ ಎಳೆಯಿತು. ಮಗು ತೊಡೆಯಿಂದ ಜಾರಿತು; ನಾನು ಹಿಡಿದುಕೊಂಡೆ. ಅವಳು ನಿದ್ದೆಯಲ್ಲಿ ವಿಮಾನ ಇಳಿಸುತ್ತಿದ್ದಳು. ಯಮನ ಗದೆ ಹಿಡಿದು ಊರೂರು ಅಲೆದವನು ನಾನು. ಹಿರಿಯರೇ, ಅಂದು ಮಗುವನ್ನು ಎದೆಗವಚಿಕೊಂಡು, ರಂಗದ ಧ್ವನಿಯಲ್ಲೇ ತಂಗಿಯ ಹೆಸರು ಹಿಡಿದು ಕೂಗಿದೆ.

ಎಚ್ಚರಿಸಿ, ನೀರು ಕುಡಿಸಿ, ನಿದ್ದೆಯಾಗಿಲ್ಲ ಎಂದು ನೆಲೆಗೆ ಹೇಳಿಬಿಡು ಎಂದು ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿದೆ. ಕೊನೆಗೆ ನನ್ನ ಎದುರಿನಲ್ಲೇ ಅವಳು ಪಾಳಿ ಹಂಚುವವನಿಗೆ ಕರೆ ಮಾಡಿದಳು. ಅವನು ಒರಟನಲ್ಲ, ಧಾರವಾಡ ಕಡೆಯ ಸಭ್ಯ ಮನುಷ್ಯ. ಮೆಲುದನಿಯಲ್ಲಿ ಹೇಳಿದ: "ಮೇಡಮ್, ನಿಮ್ಮ ಸೀಟು ನೀವು ಛಲೋ ನಿದ್ದಿ ಮಾಡೀರಿ ಅಂತದರಿ. ಆಗಿಲ್ಲ ಅಂದ್ರ, ಇಷ್ಟು ವರ್ಷ ಕಣ್ಣ ಮುಚ್ಚಿ ಸುಳ್ಳ ಹೇಳೀರಿ ಅಂತಾಗ್ತದ. ಲೈಸೆನ್ಸ್ ಹೋಗ್ತದರಿ." ಆಮೇಲೆ, ನನಗೂ ನಿದ್ದೆಯಿಲ್ಲ ಮೇಡಮ್ ಎಂದ.

ಲೈಸೆನ್ಸ್ ಹೋದರೆ ಹೋಗಲಿ, ನಾಟಕ ಕಂಪನಿಯಲ್ಲಿ ದ್ರೌಪದಿ ಆಗುವೆಯಂತೆ ಎಂದು ನಾನು ಗುಡುಗಿದೆ. ಅವಳು ಚೀಲದ ಜಿಪ್ಪು ಎಳೆಯುತ್ತ ಹೇಳಿದ ಮಾತು ಇದು: "ಅಣ್ಣಾ, ನಾ ಒಲ್ಲೆ ಅಂದ್ರ ಇಮಾನ ನಿಂದ್ರೂದಿಲ್ಲ. ಇನ್ನೊಬ್ಬಾಕಿ ಹತ್ತತಾಳ. ಆಕೀನೂ ನನ್ನಂಗ ಕಣ್ಣ ಮುಚ್ಚಿ ಕುಂತು ಬಂದಾಕಿನ. ಆಕಿಗೂ ಮಗಳದಾಳ."

ಹೋದಳು. ಬಸ್ಸಿನ ಬೂದು ಸೀಟಿನಲ್ಲಿ ಪಟ್ಟಿ ಬಿಗಿದು, ನನ್ನ ಕಣ್ಣೆದುರೇ ರೆಪ್ಪೆ ಮುಚ್ಚಿದಳು.

ಇವತ್ತು ಮಧ್ಯಾಹ್ನ ಸುದ್ದಿ ಬಂತು. ವಿಮಾನ ನೆಲೆಯ ಮೇಲಿಂದ ದಾಟಿಹೋಯಿತು, ಎತ್ತರ ಬದಲಾಗಿಲ್ಲ, ದಿಕ್ಕು ಬದಲಾಗಿಲ್ಲ. ಒಳಗೆ ಏನಾಗಿರಬಹುದು ಎಂದು ನೆಲೆಯವರನ್ನು ಕೇಳಿದರೆ, ಇಬ್ಬರೂ ಪೈಲಟರು ಪೂರ್ಣ ವಿಶ್ರಾಂತಿ ಪಡೆದವರಾದ್ದರಿಂದ ನಿದ್ದೆಯ ಪ್ರಶ್ನೆಯೇ ಬರುವುದಿಲ್ಲ, ಬೇರೆ ಕಾರಣ ಹುಡುಕುತ್ತಿದ್ದೇವೆ ಎಂದರು. ನಿದ್ದೆ ಎಂದು ಒಪ್ಪಿದರೆ ತಾನೇ ಎಬ್ಬಿಸುವ ಉಪಾಯ ಹೊಳೆಯುವುದು? ಎಣ್ಣೆ ಸಂಜೆಯವರೆಗೆ ಇದೆಯಂತೆ.

ಹಿರಿಯರೇ, ನಿಮ್ಮ ಕಷ್ಟ ನನಗೆ ಗೊತ್ತಿದೆ. ಮನೆಯಲ್ಲಿ ಇನ್ನೊಂದು ದಿನ ಇರಬೇಕೆಂಬುದು ಪಾಪವಲ್ಲ. ಆ ದಿನವನ್ನು ಕೇಳಿ, ಗಟ್ಟಿಯಾಗಿ ಕೇಳಿ, ಕಂಪನಿಯ ಕೆಲಸದ ಹೊತ್ತಿನಲ್ಲಿ ಮುರಿದು ಕೊಡಿ ಎಂದು ಕೇಳಿ. ನಿಮ್ಮ ನಿದ್ದೆಯನ್ನು ಕೊಟ್ಟು ಕೊಳ್ಳಬೇಡಿ. ಹಿಂದಿನ ದಿನವೇ ಹೋಗಿ ಮೈಚಾಚಿ ಮಲಗಿ. ನಿದ್ದೆಯಾಗದಿದ್ದರೆ ಆಗಿಲ್ಲ ಎನ್ನಿ. ನಿಮ್ಮ ಬಾಯಲ್ಲಿ ಅದು ಇನ್ನೂ ನಿಜ, ನಮ್ಮ ಬಾಯಲ್ಲಿ ಅಪರಾಧ. ಆ ಸಭೆಗೆ ನಿಮ್ಮನ್ನೂ ಕರೆಯುತ್ತಾರೆ. ಬೇಡಿಕೆ ಮುದ್ದಾಗಿರುತ್ತದೆ, ಪಕ್ಕದಲ್ಲಿ ಕೂತ ಗೆಳೆಯನೂ ಕೈ ಎತ್ತುತ್ತಾನೆ. ನಿಮ್ಮ ಕೈ ತೊಡೆಯ ಮೇಲೆಯೇ ಇರಲಿ.

ಹೊತ್ತು ಇಳಿಯುತ್ತಿದೆ. ಕಸ್ತೂರಿಯ ವಿಮಾನ ಇನ್ನೂ ಮೇಲಿದೆ. ನೀವು ಇನ್ನೂ ಕೈ ಎತ್ತಿಲ್ಲ.

ನಿಮ್ಮ ಮುಂದಿನವನು,
ದ್ಯಾಮಣ್ಣ ಹೊಂಬಳ