ನಲವತ್ತಮೂರನೆಯ ವಾಕ್ಯ

ಗುಂಡ್ಲುಪೇಟೆ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಅವ್ವಾ,

‘ಯಾರ್ನಾದ್ರೂ ಕೇಳು, ನಿಮ್ ಚಿಕ್ಕವ್ವುನ್ ಮಾತ್ರ ಕೇಳ್ಬೇಡ’ ಎಂದು ನನ್ನ ವಾಕ್ಯ ಕೇಳುವ ಕೆಲಸದ ಮಾತು ಬಂದಾಗ ನೀನು ಅಂದದ್ದು ಹೋದ ದಸರೆಯಲ್ಲೋ ಅದಕ್ಕೂ ಹಿಂದೆಯೋ, ಸರಿಯಾಗಿ ನೆನಪಿಲ್ಲ. ಅವಳಿಗೆ ಬಾಯಿ ಹೆಚ್ಚು ಎಂದಷ್ಟೇ ತಿಳಿದು ನಕ್ಕಿದ್ದೆ. ಇರಲಿ. ಮೊಣಕಾಲು ಹೇಗಿದೆ? ಪುಣಜನೂರಿನ ಚಳಿಗೆ ಸ್ವೆಟರ್ ಹಾಕಿಕೊಳ್ಳುತ್ತೀಯಷ್ಟೆ? ಶಿವರಂಜಿನಿ ಶಾಲೆಯಲ್ಲಿ ಪಾಠ ಮುಗಿಸಿ ಬರುವಾಗ ಮಾತ್ರೆ ತಂದಳೆ? ನೀನಿರುವ ಆ ನನ್ನ ಮಗಳ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಎಲ್ಲರಿಗೂ ಕೇಳುತ್ತದೆ, ಅದಕ್ಕೇ ಈ ಕಾಗದ. ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ನೀನೇ ಓದು.

ಕಾಲೇಜಿನಲ್ಲಿ ನಾನು ಹಿಡಿದಿರುವ ಕೆಲಸ ನಿನಗೆ ಗೊತ್ತಲ್ಲ. ನೀರು ಕುಡಿದೆ, ರಾಗಿ ಬೀಸಿದೆ ಎಂದರೆ ನಮಗೆ ಸಾಕು, ನೀರನ್ನು, ರಾಗಿಯನ್ನು ಎನ್ನಬೇಕಿಲ್ಲ. ಮಗ ನೋಡಿದೆ ಎಂದರೆ ಆಗುವುದಿಲ್ಲ, ಮಗನನ್ನು ಎನ್ನಲೇಬೇಕು. ದನಕರು ಇವೆರಡರ ನಡುವೆ ಎಲ್ಲೋ ಇವೆ. ವಸ್ತು ಯಾವುದು, ಮನುಷ್ಯ ಯಾರು ಎಂದು ಬೇರೆ ಭಾಷೆಗಳೂ ಹೀಗೆ ಗೆರೆ ಎಳೆಯುತ್ತವೆ, ಜಾಗ ಮಾತ್ರ ಬೇರೆ. ನಮ್ಮ ಕಡೆ ಅದು ಎಲ್ಲಿ ಬೀಳುತ್ತದೆಂದು ತಿಳಿಯಲು ಊರೂರು ಅಲೆದು ವಾಕ್ಯ ಕೇಳುತ್ತಿದ್ದೇನೆ. ಗುರುವಾರ ಹರವೆಗೆ, ಚಿಕ್ಕವ್ವನ ಮನೆಗೆ ಹೋದೆ.

ಚಿಕ್ಕವ್ವ ಅವರೆಕಾಯಿ ಸುಲಿಯುತ್ತಿದ್ದಳು. ಅಕ್ಕನಿಗೆ ರಾಗಿ ಕೊಟ್ಟೆ, ಅಕ್ಕನಿಗೆ ಕರು ಕೊಟ್ಟೆ, ಇವನ್ನು ನಿನ್ನ ಮಾತಿನಲ್ಲಿ ಹೇಳು ಎಂದೆ. ಇಷ್ಟೂ ಬರದವನಿಗೆ ಅದ್ಯಾರು ಸಂಬಳ ಕೊಡುತ್ತಾರೆಂದು ಹಂಗಿಸುತ್ತಲೇ ಹೇಳಿದಳು. ಮುಂದಿನದು ಮನುಷ್ಯರದಾಗಬೇಕಿತ್ತು. ಅಕ್ಕನಿಗೆ ಮಗು ಕೊಟ್ಟೆ ಎಂಬುದನ್ನು ಪಟ್ಟಿ ತುಂಬಲೆಂದು ನಾನೇ ಹೊಸೆದಿದ್ದೆ. ಅವಳ ಕೈ ನಿಂತಿತು.

‘ರಾಗಿನೂ ಕೊಡ್ನಿಲ್ಲ, ಕರೂನೂ ಕೊಡ್ನಿಲ್ಲ ಕಣ್ ಮಗ. ನಮ್ಮಕ್ಕಂಗೆ ನಾನ್ ಕೊಟ್ಟಿದ್ದು ನಿನ್ನೊಬ್ಬುನ್ನೇಯ’ ಅಂದಳು. ಮೂರು ತಿಂಗಳಾಗಿತ್ತಂತೆ ನನಗೆ. ನೀನು ಬೆಳಗಿನ ಬಸ್ಸಿಗೆ ಎತ್ತಿಕೊಂಡು ಹೊರಟೆಯಂತೆ. ಅಷ್ಟು ಹೇಳಿ ಮತ್ತೆ ಸುಲಿಯತೊಡಗಿದಳು.

ವಾಪಸು ಬರುವಾಗ ನೋಟ್‌ಬುಕ್ಕು ತೆರೆದರೆ ಆ ಮಾತು ನಲವತ್ತಮೂರನೆಯ ವಾಕ್ಯವಾಗಿ ಕೂತಿದೆ. ಯಾವಾಗ ಬರೆದೆನೋ ತಿಳಿಯದು. ಕೊನೆಯ ಪದದಲ್ಲಿ ಮನುಷ್ಯರಿಗೆ ಹತ್ತುವ ಆ ‘ಅನ್ನು’ ಪ್ರತ್ಯಯದ ಕೆಳಗೆ ಗೆರೆಯನ್ನೂ ಎಳೆದಿದ್ದೇನೆ, ನೆಟ್ಟಗೆ, ಸ್ಕೇಲು ಇಟ್ಟ ಹಾಗೆ. ಐವತ್ತೆರಡು ವರ್ಷ ನಿನ್ನ ಮಗನಾಗಿದ್ದವನ ಕೈ ಅದು. ಮೂರು ದಿನದಿಂದ ಅದನ್ನೇ ನೋಡುತ್ತಿದ್ದೇನೆ. ಕೋಪವಿಲ್ಲ ಅವ್ವಾ. ಏನಿದೆಯೆಂದೂ ಗೊತ್ತಿಲ್ಲ.

ಬಿಸಿನೀರು ಕುಡಿ, ಬೆಳಿಗ್ಗೆ ಹೊತ್ತು ಹೊರಗೆ ಕೂರಬೇಡ. ಶಿವರಂಜಿನಿಗೆ ಆಶೀರ್ವಾದ. ನಿನ್ನ ಪಾದಕ್ಕೆ ನಮಸ್ಕಾರ.

ನಿನ್ನ ಮಗ,
ಮಹಾಲಿಂಗ

ಮತ್ತೆ: ಬುಧವಾರ ಬರುತ್ತೇನೆ. ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ, ಹೆದರಬೇಡ. ಕೊಟ್ಟವಳ ಮಾತು ಕೇಳಿಯಾಯಿತು, ತೆಗೆದುಕೊಂಡವಳು ನೀನಿದ್ದೀಯ. ನನಗೆ ನನ್ನದೊಂದೇ ತಿಳಿಯಬೇಕಾಗಿದೆ. ಅವತ್ತು ಬಸ್ಸು ಹೊರಟಾಗ ನಾನು ಅಳುತ್ತಿದ್ದೆನಾ?