ಆಧಾರ: ಅಪ್ಪನ ಬಾಯಿಮಾತು

ತಿಪಟೂರು
೯ ನವೆಂಬರ್ ೨೦೨೪, ಶನಿವಾರ

ಪ್ರೀತಿಯ ಪುಷ್ಪಲತಾ ಅತ್ತೆಗೆ,

ಸೌಂದರ್ಯಳ ನಮಸ್ಕಾರ. ಹೆಸರು ನೆನಪಿದೆಯೋ ಇಲ್ಲವೋ. ನಾನು ನಿಮ್ಮ ಅಣ್ಣ ಕಾಡಸಿದ್ದಪ್ಪನವರ ಮಗಳು. ನೀವು ಮನೆ ಬಿಟ್ಟಾಗ ನನಗೆ ಮೂರು ವರ್ಷವಂತೆ, ನಿಮ್ಮ ಸೊಂಟದ ಮೇಲೆ ಕೂರದೆ ತುತ್ತು ನುಂಗುತ್ತಿರಲಿಲ್ಲವಂತೆ. ಇದನ್ನು ಅಪ್ಪ ನನಗೆ ಹೇಳಿದ್ದು ಮೊನ್ನೆ ಗುರುವಾರ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಒಂದು ವರ್ಷದಿಂದ ನನ್ನ ಕಂಪ್ಯೂಟರಿನಲ್ಲಿ ನೀವು ತೀರಿಹೋಗಿದ್ದಿರಿ.

ನಾನು ಇಲ್ಲಿನ ಕಾಲೇಜೊಂದರಲ್ಲಿ ಲೈಬ್ರೇರಿಯನ್. ನಮ್ಮ ಮನೆತನದ ವಿವರವೆಲ್ಲ ಒಂದೆಡೆ ಇರಲಿ ಎಂದು ವಂಶವೃಕ್ಷದ ಸಾಫ್ಟ್‌ವೇರ್ ಹಾಕಿಕೊಂಡೆ. ಹುಟ್ಟು, ಮದುವೆ, ಸಾವು ಯಾವುದನ್ನು ತುಂಬಿದರೂ ಅದು ಆಧಾರ ಕೇಳುತ್ತದೆ. ಕೊಡದಿದ್ದರೆ ಆ ಹೆಸರಿನ ಪಕ್ಕ ಕೆಂಪು ಗುರುತು ಉಳಿಯುತ್ತದೆ. ತಾತನ ಸಾವಿಗೆ ಪುರಸಭೆಯ ಸರ್ಟಿಫಿಕೇಟ್ ಇತ್ತು, ಮದುವೆಗಳಿಗೆ ಟ್ರಂಕಿನಲ್ಲಿದ್ದ ಲಗ್ನಪತ್ರಿಕೆಗಳು. ಕಾಗದವೇ ಇಲ್ಲದ ಕಡೆ ‘ಅಪ್ಪ ಹೇಳಿದ್ದು’ ಎಂದು ಬರೆದೆ. ನಿಮ್ಮದೂ ಹಾಗೆಯೇ. ಏಳು ವರ್ಷದವಳಿದ್ದಾಗ ಹಳೆಯ ಫೋಟೋ ತೋರಿಸಿ ಇವರು ಯಾರು ಎಂದು ಕೇಳಿದ್ದೆ. “ನಿಮ್ಮತ್ತೆ. ಕಾಮಾಲೆಯಾಗಿ ಹೋಗ್ಬುಟ್ಲು ಕಣೇ” ಎಂದು ಅಪ್ಪ ಆ ಫೋಟೋ ಕಿತ್ತುಕೊಂಡಿದ್ದರು.

ಹೋದ ವಾರ ನೋಡುತ್ತೇನೆ, ಒಂದೇ ಆಧಾರವನ್ನು ಹನ್ನೊಂದು ಕಡೆ ಹನ್ನೊಂದು ಥರ ಬರೆದಿದ್ದೇನೆ: ಅಪ್ಪ, ತಂದೆಯವರು, ಕಾಡಸಿದ್ದಪ್ಪನವರು ಹೇಳಿದಂತೆ... ಲೈಬ್ರೇರಿಯಲ್ಲಿ ಕೆಲಸ ಮಾಡುವವಳಿಗೆ ಇದು ಸಹಿಸುವ ಮಾತಲ್ಲ. ಎಲ್ಲವನ್ನೂ ಒಂದು ಮಾಡಿದೆ. ಆಗ ಆ ಒಂದೇ ಆಧಾರದ ಕೆಳಗೆ ಹನ್ನೊಂದು ಸಂಗತಿಗಳೂ ಸಾಲಾಗಿ ಬಂದವು. ಮೇಲೆ ದಪ್ಪ ಅಕ್ಷರದಲ್ಲಿ ‘ಆಧಾರ: ಕಾಡಸಿದ್ದಪ್ಪ, ತಿಪಟೂರು. ಬಾಯಿಮಾತು.’ ಅದನ್ನು ಪ್ರಿಂಟ್ ಮಾಡಿ, ಓದಿ ಸಹಿ ಹಾಕಿಕೊಡಿ ಎಂದು ಅಪ್ಪನಿಗೆ ಕೊಟ್ಟೆ.

ಅವರು ಆಗತಾನೆ ಕೊಬ್ಬರಿ ಅಟ್ಟದಿಂದ ಇಳಿದು ಕೈ ತೊಳೆದು ಜಗಲಿಗೆ ಬಂದಿದ್ದರು. ಕನ್ನಡಕ ಹಾಕಿಕೊಂಡು ಖುಷಿಯಿಂದಲೇ ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋದರು. “ಪರಮಶಿವಯ್ಯ ದೊಡ್ಡಪ್ಪ ಹುಟ್ಟಿದ್ದು ಸಂಪಿಗೇಲಲ್ಲ, ನೊಣವಿನಕೆರೇಲಿ. ನಾನೇ ತಪ್ಪು ಹೇಳಿದ್ನಾ?” ಎಂದು ನಗುತ್ತಾ ತಿದ್ದಿದರು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ‘ಪುಷ್ಪಲತಾ. ಮರಣ: ೧೯೯೩.’

ಕನ್ನಡಕ ತೆಗೆದರು. ಆಮೇಲೆ, “ಇದ್ರಿಂದ ನನ್ನ ಹೆಸ್ರು ತೆಗಿ” ಎಂದರು.

“ಯಾಕಪ್ಪಾ? ನೀವೇ ತಾನೆ ಹೇಳಿದ್ದು?”

“ಹೇಳ್ದೆ. ಕೇಳ್ದೋರಿಗೆಲ್ಲ ಹಂಗೇ ಹೇಳ್ದೆ. ಆದ್ರೆ ನನ್ನ ಹೆಸ್ರು ಹಾಕ್ಕೊಂಡು ಅವಳು ಸತ್ತಳು ಅಂತ ಬರ್ದಿರೋದನ್ನ ನೋಡೋಕಾಗಲ್ಲ ಕಣೇ. ಲತ ಸತ್ತಿಲ್ಲ. ಹುಳಿಯಾರಲ್ಲವಳೆ.”

ಅತ್ತೆ, ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ! ಬೋರನಕಣಿವೆಗೆ ಕಾಲೇಜಿನಿಂದ ಟ್ರಿಪ್ ಹೋದಾಗ ನಿಮ್ಮೂರಿನಲ್ಲಿ ಇಳಿದು ಕಾಫಿ ಕುಡಿದಿದ್ದೇನೆ.

ನೀವು ಮೆಚ್ಚಿದ ಗಂಗರಾಜು ಮಾವ ಬೇರೆ ಜಾತಿಯವರೆಂದು ತಾತ ನಿಮ್ಮನ್ನು ಮನೆಯಿಂದ ಆಚೆ ಹಾಕಿದ್ದು, ನೀವು ಬಾಗಿಲಲ್ಲಿ ನಿಂತು ‘ಅಣ್ಣಾ’ ಎಂದು ಕರೆದಾಗ ಅಪ್ಪ ಒಳಕೋಣೆಯಿಂದ ಎದ್ದುಬರದೆ ಕೂತಿದ್ದು, ಎಲ್ಲವನ್ನೂ ಅವತ್ತು ಹೇಳಿದರು. ತಾತ ಹೋದಮೇಲಾದರೂ ಕರೆಯಬಹುದಿತ್ತಲ್ಲ ಎಂದೆ. “ಯಾವ ಮುಖ ಇಟ್ಕೊಂಡು?” ಎಂದರು. ನನಗೆ ಸಿಟ್ಟು ಬಂತು. ನಿನ್ನೆಯೆಲ್ಲ ಸರಿಯಾಗಿ ಮಾತಾಡಿಸಲಿಲ್ಲ. ಈಗ ಸಿಟ್ಟಿಲ್ಲ. ಜಗಲಿಯಲ್ಲಿ ಆ ಹಾಳೆ ಹಿಡಿದು ಕೂತ ಎಪ್ಪತ್ತೊಂದರ ಮನುಷ್ಯನನ್ನು ನೋಡಿದರೆ ನಿಮಗೂ ಬರುತ್ತಿರಲಿಲ್ಲವೇನೋ. ಆದರೆ ಅದು ನಾನು ಹೇಳುವ ಮಾತಲ್ಲ.

ಇನ್ನೊಂದು ವಿಷಯ ಬರೆಯಬೇಕು. ಯಾರಾದರೂ ನಿಮಗೆ ತಿಳಿಸಿರಬಹುದು. ತಿಳಿಸಿಲ್ಲದಿದ್ದರೆ, ಹೀಗೆ ಕಾಗದದಲ್ಲಿ ತಿಳಿಸುತ್ತಿರುವುದಕ್ಕೆ ಕ್ಷಮಿಸಿ. ನಿಮ್ಮ ಅಮ್ಮ, ನಮ್ಮ ಮೀನಾಕ್ಷಮ್ಮಜ್ಜಿ, ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ಬಹಳ ನರಳಲಿಲ್ಲ. ಕೊನೆಯ ವಾರ ಯಾರು ಬಾಗಿಲು ತೆಗೆದರೂ “ಲತ ಬಂದ್ಲಾ?” ಎನ್ನುತ್ತಿದ್ದರು. ಸತ್ತವರು ಕಣ್ಣಿಗೆ ಕಾಣುತ್ತಿದ್ದಾರೆ ಎಂದುಕೊಂಡು ನಾನು ಅವರ ಕೈ ಸವರುತ್ತಾ “ಹೂಂ ಅಜ್ಜಿ, ಬಂದ್ರು” ಎಂದುಬಿಟ್ಟೆ. ಅವರು ನನ್ನ ಕೈಯನ್ನು ಕೆನ್ನೆಗೆ ಒತ್ತಿಕೊಂಡರು. ನಿಮಗೆ ಸೇರಬೇಕಾದದ್ದು ಅದು, ಅತ್ತೆ. ಇಷ್ಟು ದಿನ ನನ್ನ ಹತ್ತಿರ ಇತ್ತು.

ನಿಮ್ಮ ಸಾವನ್ನು ಅಳಿಸಿದ್ದೇನೆ. ನಿಮ್ಮ ಹೆಸರಿನ ಪಕ್ಕ ಮಾವನ ಹೆಸರು ಸೇರಿಸಿದ್ದೇನೆ. ಮಕ್ಕಳ ಜಾಗ ಖಾಲಿಯಿದೆ. ಅದನ್ನು ಬಾಯಿಮಾತಿನ ಮೇಲೆ ತುಂಬಲು ಮನಸ್ಸಿಲ್ಲ, ನಿಮ್ಮ ಕೈಬರಹ ಬೇಕು. ಬರೆಯಲು ಇಷ್ಟವಿಲ್ಲದಿದ್ದರೆ ಖಾಲಿಯೇ ಇರಲಿ, ನನಗೆ ಬೇಸರವಿಲ್ಲ. ಬರೆದರೆ, ನೋಡಲು ಬರಲೇ ಎಂದು ಮುಂದಿನ ಕಾಗದದಲ್ಲಿ ಕೇಳುತ್ತೇನೆ.

ನಿಮ್ಮ ಸೊಸೆ,
ಸೌಂದರ್ಯ

ಮರೆತಿದ್ದೆ: ಕವರಿನ ಮೇಲಿನ ವಿಳಾಸ ಅಪ್ಪನ ಅಕ್ಷರ. ಪಿನ್‌ಕೋಡ್ ಸಮೇತ ಬಾಯಿಪಾಠವಾಗಿತ್ತು ಅವರಿಗೆ. ಅಜ್ಜಿ ಹೋದ ಮೂರನೇ ದಿನ ನಿಮಗೆ ತಿಳಿಸಲೆಂದು ನಿಮ್ಮ ಬೀದಿಯವರೆಗೂ ಬಂದಿದ್ದರಂತೆ. ನೀವು ಬಾಗಿಲಲ್ಲಿ ಕೂತು ಯಾರದೋ ಮಗುವಿಗೆ ತಲೆ ಬಾಚುತ್ತಾ ನಗುತ್ತಿದ್ದಿರಂತೆ. ಆ ನಗು ಕೆಡಿಸಲಾರದೆ ಬಂದ ಬಸ್ಸಿನಲ್ಲೇ ವಾಪಸಾದರಂತೆ. ಇದನ್ನು ನಿಮಗೆ ಬರೆಯಬೇಡ ಎಂದಿದ್ದಾರೆ.