ಹಳ್ಳದಲ್ಲಿ ಒಗೆದ ಕಂಬಳಿ

ಕಕ್ಕೇರಾ

ಅಕ್ಕಾ, ಅಕ್ಷರ ಸೊಟ್ಟಗಿವೆ, ತಪ್ಪೂ ಇರಬಹುದು. ನಾಲ್ಕನೇ ತರಗತಿಯ ಕೈ, ನಗಬೇಡ.

ನನ್ನ ಗಂಡನ ಮನೆಯವರು ಇಲ್ಲಿಯ ಹಳ್ಳದ ಮರಳು ತೊಳೆದು ಬಂಗಾರದ ಪುಡಿ ತೆಗೆಯುತ್ತಾರೆ. ಅದರಲ್ಲೇ ನನಗೆ ಮೂಗುತಿ ಮಾಡಿಸುತ್ತೇನೆಂದು ಅತ್ತೆ ಮಾತು ಕೊಟ್ಟಿದ್ದಾರೆ. ಆದರೆ ಈಗ ಹಳ್ಳದ ಪಕ್ಕ ಕಾಲುವೆ ಅಗೆಯುತ್ತಿರುವುದರಿಂದ ಕಾವಲುಗಾರ ಮಲ್ಲಣ್ಣ ನಮ್ಮನ್ನು ತಡೆದ.

"ಸೊಸಿ ಮೂಗುತಿಗೆ ಎಲ್ಲಿ ತೊಳೀಬೇಕೋ ಯಪ್ಪಾ?" ಎಂದರು ಅತ್ತೆ.

"ಬಂಗಾರ ಎಲ್ಲೂ ತೊಳೀಬ್ಯಾಡಬೇ. ಅರಿವಿ ಒಗಿಯಾಕ ಅಡ್ಡಿಯಿಲ್ಲ."

ಮರುದಿನ ಅತ್ತೆ ಕಂಬಳಿಯನ್ನು ಹರಿಯುವ ನೀರಲ್ಲಿ ಹಾಸಿ, ಮೇಲೆ ಕೂತೇಬಿಟ್ಟರು. ಮರಳು ಹರಿದುಹೋಗಿ ಬಂಗಾರ ಉಣ್ಣೆಯಲ್ಲಿ ಉಳಿಯುತ್ತದಂತೆ.

"ಮುಂಜಾನಿಂದ ಒಂದ ಕಂಬಳಿ ಒಗಿಯಾಕತ್ತೀಯಲ್ಲಬೇ?" ಎಂದ ಮಲ್ಲಣ್ಣ.

"ಹೊಲಸು ಭಾಳ ಐತೋ ಯಪ್ಪಾ!"

ನಗು ತಡೆಯಲಾಗದೆ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ನೀರಲ್ಲಿ ಕೂತು ಅತ್ತೆಗೆ ನೆಗಡಿಯಾಗಿದೆ, ನಾನು ಆರಾಮ. ಸಿಕ್ಕ ಪುಡಿ ಮೂಗುತಿಗೆ ಇನ್ನೂ ಸಾಲದು. ಮಲ್ಲಣ್ಣ ಮೇಲಿನವರಿಗೆ ಹೇಳಿಬಿಟ್ಟರೆ ಎಂದು ಭಯವಿತ್ತು. ಇವತ್ತು ಮುಂಜಾನೆ ಅವನೇ ತನ್ನ ಕಂಬಳಿ ಹೊತ್ತು ಬಂದ.

"ಇದನ್ನೂ ಒಗದ ಕೊಡಬೇ. ನಮ್ಮನಿಯಾಕಿಗೂ ಮೂಗ ಐತಿ."

ಕಾರ್ಡಿನಲ್ಲಿ ಜಾಗ ಮುಗಿಯಿತು. ಅವನ ಕಂಬಳಿಯನ್ನು, ನೀರು ನಮ್ಮದನ್ನು ದಾಟಿ ಹೋಗುವ ಕಡೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು ಬಂದೆ.

ನಿನ್ನ ತಂಗಿ ಶೇಖಮ್ಮ